ಅಂಗಳದ ಬೆಕ್ಕು ಫ್ಲ್ಯಾಟಿಗೆ ಬಂದಾಗ: ಬಲೆ, ಮರಳು, ಪರಚುಕಂಬ, ಯಾವುದಕ್ಕೆ ದುಡ್ಡು ಹಾಕಬೇಕು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರಗಳಲ್ಲಿ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಸಾಮಾನಿನ ಜೊತೆ ಅಂಗಳದ ಬೆಕ್ಕೂ ಹೊರಡಬೇಕಾಗುತ್ತದೆ. ಕಿಟಕಿಯ ಸಜ್ಜಾ ಮೇಲೆ ಬಿಸಿಲು ಕಾಯಿಸಿಕೊಂಡು, ಪಕ್ಕದ ಮನೆಯ ನುಗ್ಗೆಮರ ಹತ್ತಿ, ಕಾಂಪೌಂಡಿನ ಮಣ್ಣು ಕೆದಕಿ ಬೆಳೆದ ಪ್ರಾಣಿ ಐದನೇ ಮಹಡಿಗೆ ಬಂತೆಂದರೆ ಮನೆಯವರು ಮೊದಲು ಓಡುವುದು ಪೆಟ್ ಶಾಪಿಗೆ. ಅಲ್ಲಿ ಕೈಗಿಡುವ ಕಟ್ಟು ಹೆಚ್ಚೂಕಡಿಮೆ ಎಲ್ಲೆಡೆ ಒಂದೇ: ಮುಚ್ಚಳದ ಲಿಟರ್ ಬಾಕ್ಸ್ (ಬೆಕ್ಕಿನ ಮಲಮೂತ್ರದ ಡಬ್ಬಿ), ಅದಕ್ಕೆ ತುಂಬುವ ಲ್ಯಾವೆಂಡರ್ ಪರಿಮಳದ ಮರಳು, ಉಗುರು ಪರಚಲು ಮೊಣಕಾಲುದ್ದದ ಪರಚುಕಂಬ, ಮೆತ್ತನೆ ಹಾಸಿಗೆ, ಗೆಜ್ಜೆಯ ಪಟ್ಟಿ. ಮನೆಯೊಳಗೇ ಹುಟ್ಟಿದ ಮರಿಗೆ ಇದರಲ್ಲಿ ಒಂದಿಷ್ಟು ನಡೆದೀತು. ಹೊರಗೆ ಬೆಳೆದ ಬೆಕ್ಕಿಗೆ ಐದರಲ್ಲಿ ಒಂದೂ ಸರಿಯಾಗಿ ಒದಗುವುದಿಲ್ಲ.

ಇಲ್ಲಿ ಪ್ರತಿ ವಸ್ತುವನ್ನೂ ಒಂದೇ ಪ್ರಶ್ನೆಯಿಂದ ತೂಗಿದ್ದೇವೆ: ಬೆಕ್ಕು ಹೊರಗೆ ಬಿಟ್ಟುಬಂದ ಯಾವುದನ್ನು ಇದು ವಾಪಸ್ ಕೊಡುತ್ತದೆ? ಬಾಲ್ಕನಿಯ ಬಲೆಗೆ ಮಾತ್ರ ಈ ಪ್ರಶ್ನೆ ಅನ್ವಯಿಸುವುದಿಲ್ಲ. ಅದು ಜೀವ ಉಳಿಸುವ ವಸ್ತು, ಅದಕ್ಕೇ ಅದು ಮೊದಲು.

ಬಾಲ್ಕನಿಯ ಬಲೆ

ಒಟ್ಟು ಖರ್ಚಿನ ಅರ್ಧ ಇಲ್ಲಿಗೇ ಹೋದರೂ ಚಿಂತೆಯಿಲ್ಲ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಎನ್ನುವವರು 1987ರಲ್ಲಿ ಪ್ರಕಟವಾದ ನ್ಯೂಯಾರ್ಕ್ ಅಧ್ಯಯನವನ್ನು ಮುಂದಿಡುತ್ತಾರೆ. ಎತ್ತರದ ಕಟ್ಟಡಗಳಿಂದ ಬಿದ್ದು ಪಶು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಅಧ್ಯಯನ ಅದು. ಚಿಕಿತ್ಸೆ ಸಿಕ್ಕವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದವು, ನಿಜ. ಆದರೆ ಅದು ಆಸ್ಪತ್ರೆಗೆ ತಂದ ಬೆಕ್ಕುಗಳ ಲೆಕ್ಕ. ಬಿದ್ದಲ್ಲೇ ಸತ್ತವನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಬದುಕಿದವುಗಳಲ್ಲೂ ಎದೆಗೆ ಪೆಟ್ಟು, ಸೀಳಿದ ಅಂಗುಳ, ಮುರಿದ ಕಾಲು ಸಾಮಾನ್ಯವಾಗಿದ್ದವು. ಪಾರಿವಾಳ ಕಂಡ ಬೆಕ್ಕಿಗೆ ಕಟಕಟೆಯ ಅಂಚು ಕಾಣಿಸುವುದಿಲ್ಲ. ಬೆಂಗಳೂರಿನ ಬಾಲ್ಕನಿಗಳಲ್ಲಿ ಪಾರಿವಾಳಕ್ಕೆ ಬರವೂ ಇಲ್ಲ.

ಎಲ್ಲರೂ ಹಾಕಿಸುವುದು ನೈಲಾನಿನ ಪಾರಿವಾಳದ ಬಲೆ. ತೀರಾ ಅಗ್ಗ, ಒಂದೇ ತಾಸಿನ ಕೆಲಸ. ಹಕ್ಕಿಯನ್ನು ಹೊರಗಿಡಲು ಮಾಡಿದ ವಸ್ತು ಅದು. ಹಕ್ಕಿ ಬಲೆಯನ್ನು ಕಚ್ಚುವುದಿಲ್ಲ, ಬೆಕ್ಕು ಕಚ್ಚುತ್ತದೆ. ಇವತ್ತು ಒಂದು ಎಳೆ, ನಾಳೆ ಪಕ್ಕದ್ದು, ವಾರದಲ್ಲಿ ತಲೆ ತೂರುವಷ್ಟು ಕಿಂಡಿ. ಬಿಸಿಲಿಗೆ ಎಳೆ ಒಣಗಿ ವರ್ಷದಿಂದ ವರ್ಷಕ್ಕೆ ಬಲ ಕಳೆದುಕೊಳ್ಳುತ್ತದೆ. ಬಜೆಟ್ ಅಷ್ಟೇ ಇದ್ದರೆ ಬಿಸಿಲು ತಡೆಯುವ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಹೆಣಿಗೆಯ ಬಲೆ ಕೇಳಿ, ಕಣ್ಣು 25ರಿಂದ 30 ಎಂ.ಎಂ. ಇರಲಿ. ಸಾಮಾನ್ಯವಾಗಿ ತರುವ 50 ಎಂ.ಎಂ. ಕಣ್ಣಿನಲ್ಲಿ ಮರಿಯ ತಲೆ ಸಲೀಸಾಗಿ ಹೋಗುತ್ತದೆ. ತಿಂಗಳಿಗೊಮ್ಮೆ ಇಡೀ ಬಲೆಯ ಮೇಲೆ ಕೈಯಾಡಿಸಿ ನೋಡುವ ಶಿಸ್ತು ಇಲ್ಲದವರು ಇದನ್ನು ನಂಬಬಾರದು.

ಇನ್ವಿಸಿಬಲ್ ಗ್ರಿಲ್ ನೋಡಲು ಚೆಂದ, ಸೊಸೈಟಿಯವರಿಗೂ ಇಷ್ಟ, ಬೆಲೆ ಪಾರಿವಾಳದ ಬಲೆಯ ಹಲವು ಪಟ್ಟು. ನೈಲಾನ್ ಹೊದಿಕೆಯ 2-3 ಎಂ.ಎಂ. ಸ್ಟೀಲ್ ಹಗ್ಗಗಳನ್ನು ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಬಿಗಿದಿರುತ್ತಾರೆ. ಇದು ಮಕ್ಕಳ ಸುರಕ್ಷತೆಗೆಂದು ಬಂದ ವ್ಯವಸ್ಥೆ. ದರ ಇಳಿಸಲು ಹಗ್ಗಗಳ ನಡುವೆ 3 ಅಂಗುಲ ಬಿಡುವುದುಂಟು. ಬೆಕ್ಕಿಗೆ ಅದು ತೆರೆದ ಬಾಗಿಲು. 2 ಅಂಗುಲಕ್ಕೆ ಒಂದು ಹಗ್ಗ ಎಂದು ಬರೆಸಿಕೊಳ್ಳಿ. ಅಷ್ಟಾದರೂ ಹಗ್ಗ ಒಂದೇ ದಿಕ್ಕಿನಲ್ಲಿ ಇರುವುದರಿಂದ, ತಲೆ ಒತ್ತಿದರೆ ಎರಡು ಹಗ್ಗ ಆಚೀಚೆ ಸರಿಯುತ್ತವೆ. ಬಿಗಿತ ಸಡಿಲವಾದ ಮೇಲೆ ಇನ್ನೂ ಸುಲಭ. ದೊಡ್ಡ ಬೆಕ್ಕಿಗೆ, ವರ್ಷಕ್ಕೊಮ್ಮೆ ಮತ್ತೆ ಬಿಗಿಸುವ ಒಪ್ಪಂದದೊಂದಿಗೆ, ಸರಿ. ಆರು ತಿಂಗಳೊಳಗಿನ ಮರಿಗೂ, ಸಣಕಲು ಹೆಣ್ಣು ಬೆಕ್ಕಿಗೂ ಬೇಡ.

ನಮ್ಮ ಆಯ್ಕೆ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂರಿಸಿದ ಸ್ಟೀಲ್ ಜಾಲರಿ. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ), ಕಣ್ಣು 25 ಎಂ.ಎಂ. ಅಥವಾ ಅದಕ್ಕಿಂತ ಸಣ್ಣದು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ತುಕ್ಕನ್ನು ಇನ್ನೂ ಚೆನ್ನಾಗಿ ತಡೆಯುವ ಎಸ್‌ಎಸ್ 316ಕ್ಕೆ ಹೆಚ್ಚು ಕೊಡುವುದು ವ್ಯರ್ಥವಲ್ಲ. ಅಲ್ಲಿ ಜಿ.ಐ. (ಸತು ಲೇಪದ ಕಬ್ಬಿಣದ) ಜಾಲರಿ ಬೇಗ ತುಕ್ಕು ಹಿಡಿದು, ಬೆಸುಗೆ ಬಿಟ್ಟ ತಂತಿಯ ತುದಿ ಬೆಕ್ಕಿನ ಪಾದಕ್ಕೆ ಚುಚ್ಚುತ್ತದೆ. ಕಚ್ಚಿದರೆ ಹರಿಯದ, ಹತ್ತಿದರೂ ಜಗ್ಗದ ಏಕೈಕ ಬಗೆ ಇದು. ಎ.ಸಿ. ರಿಪೇರಿಯವರು ಹೊರಗಿನ ಯೂನಿಟ್ ತಲುಪಲು ಒಂದು ಪಟ್ಟಿಗೆ ಕೀಲು ಮತ್ತು ಚಿಲಕ ಇಡಿಸಿ. ಇಲ್ಲದಿದ್ದರೆ ಮೊದಲ ಸರ್ವೀಸಿಗೇ ಅರ್ಧ ಜಾಲರಿ ಬಿಚ್ಚಬೇಕಾಗುತ್ತದೆ. ಪಂಜರದ ಹಾಗೆ ಕಾಣುತ್ತದೆ ಎಂಬ ಆಕ್ಷೇಪ ಬರಬಹುದು. ಸಾಕುಪ್ರಾಣಿಗಳನ್ನು ನಿವಾಸಿಗಳ ಸಂಘ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಆದರೆ ಕಟ್ಟಡದ ಹೊರಮುಖ ಬದಲಿಸುವುದು ಬೇರೆ ವಿಷಯ. ಒಂದು ನಕ್ಷೆ, ಒಂದು ಫೋಟೋ ಇಟ್ಟು ಮೊದಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಚೌಕಟ್ಟು ಕಟಕಟೆಯ ಒಳಬದಿಗೆ ಇದ್ದರೆ ಒಪ್ಪಿಗೆ ಬೇಗ ಸಿಗುತ್ತದೆ.

ಕಿಟಕಿಗಳ ಸೊಳ್ಳೆ ಪರದೆಯನ್ನು ಯಾರೂ ಬಲೆ ಎಂದು ಎಣಿಸಬಾರದು. ಫೈಬರ್‌ಗ್ಲಾಸ್ ಪರದೆ ಉಗುರಿಗೆ ಹರಿಯುತ್ತದೆ, ವೆಲ್ಕ್ರೋ ಪರದೆ ಒಂದು ನೆಗೆತಕ್ಕೆ ಕಿತ್ತುಬರುತ್ತದೆ. ಪೆಟ್ ಮೆಶ್ ಎಂದು ಮಾರುವ ಪಿವಿಸಿ ಲೇಪದ ಪಾಲಿಯೆಸ್ಟರ್ ಜಾಲರಿ ಉಗುರು ತಡೆಯುತ್ತದೆ. ಅದರ ದುರ್ಬಲ ಜಾಗ ಅಂಚಿನ ರಬ್ಬರ್ ಎಳೆ ಮತ್ತು ಜಾರುವ ಹಳಿ. ಜಾರುಬಾಗಿಲನ್ನು ಪಂಜದಿಂದ ಸರಿಸಲು ಬೆಕ್ಕು ಎರಡು ದಿನದಲ್ಲಿ ಕಲಿಯುತ್ತದೆ, ಆದ್ದರಿಂದ ಚಿಲಕ ಬೇಕೇಬೇಕು.

ಯಾವ ಬಗೆಯಾದರೂ ಕೆಲಸದವರು ಹೊರಡುವ ಮುಂಚೆ ನೀವೇ ಪರೀಕ್ಷಿಸಿ, ಆಮೇಲೆ ಹಣ ಕೊಡಿ. ಬಲೆಯ ಕೊಕ್ಕೆಗಳ ನಡುವಿನ ಅಂತರ ಒಂದು ಅಡಿಗಿಂತ ಕಡಿಮೆ ಇರಬೇಕು. ಎರಡು ಕೊಕ್ಕೆಗಳ ನಡುವೆ ಮುಷ್ಟಿಯಿಂದ ಒತ್ತಿದಾಗ ಗೋಡೆಗೂ ಬಲೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಬಿಡಬಾರದು. ಅಂಚಿನುದ್ದಕ್ಕೂ ಸ್ಟೀಲ್ ಹಗ್ಗ ಪೋಣಿಸಿದ್ದರೆ ಮಾತ್ರ ಇದು ಸಾಧ್ಯ. ಹೊಸ ಕಟ್ಟಡಗಳ ಹಗುರ ಎಎಸಿ ಬ್ಲಾಕ್ ಗೋಡೆಯಲ್ಲಿ ಸಾಮಾನ್ಯ ರಾಲ್‌ಪ್ಲಗ್ (ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ತೂರಿಸುವ ಪ್ಲಾಸ್ಟಿಕ್ ತುಂಡು) ಕೆಲ ತಿಂಗಳಲ್ಲೇ ಸಡಿಲವಾಗುತ್ತದೆ. ಅಂಥ ಗೋಡೆಗೆಂದೇ ಬರುವ ಉದ್ದನೆಯ ಪ್ಲಗ್ ಹಾಕಿಸಬೇಕು. ಎಲ್ಲರೂ ಮರೆಯುವ ಜಾಗಗಳು ಮೂರು: ಯುಟಿಲಿಟಿಯಲ್ಲಿ ಪೈಪುಗಳ ಹಿಂದಿನ ಮೂಲೆ, ಎ.ಸಿ. ಯೂನಿಟ್ ಇಟ್ಟ ಸಜ್ಜಾ, ಬಚ್ಚಲುಮನೆಯ ಗಾಜಿನ ಪಟ್ಟಿಯ ಗವಾಕ್ಷಿ. ಗವಾಕ್ಷಿಯ ಗಾಜನ್ನು ಬೆಕ್ಕು ಮೂತಿಯಿಂದಲೇ ಎತ್ತುತ್ತದೆ.

ಲಿಟರ್ ಬಾಕ್ಸ್, ಮರಳು

ಬೆಕ್ಕನ್ನು ಮತ್ತೆ ಹೊರಗೆ ಬಿಟ್ಟುಬರುವ ಸ್ಥಿತಿಗೆ ಮನೆಯವರನ್ನು ತಳ್ಳುವುದು ಹೆಚ್ಚಾಗಿ ಇದೇ ವಿಷಯ. ತಪ್ಪು ಬೆಕ್ಕಿನದ್ದಲ್ಲ. ಇಷ್ಟು ವರ್ಷ ಅದು ಕೆದಕಿದ್ದು ಬಯಲಿನ ಒಣ ಮಣ್ಣು. ನಾಲ್ಕೂ ಕಡೆ ನೋಟವಿತ್ತು, ಓಡಲು ದಾರಿಯಿತ್ತು. ಮುಚ್ಚಳದ ಡಬ್ಬಿ ಅದೆಲ್ಲವನ್ನೂ ಕಸಿದು, ಮೂತ್ರದ ಘಾಟನ್ನು ಒಳಗೇ ಹಿಡಿದಿಡುತ್ತದೆ. ವಾಸನೆ ನಮಗೆ ಕಡಿಮೆ, ಬೆಕ್ಕಿಗೆ ದುಪ್ಪಟ್ಟು.

ಡಬ್ಬಿಯ ಉದ್ದ ಬೆಕ್ಕಿನ ಮೂತಿಯಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಇರಬೇಕು. 46 ಸೆಂ.ಮೀ. ಬೆಕ್ಕಿಗೆ ಸುಮಾರು 70 ಸೆಂ.ಮೀ. ಅಂಗಡಿಯಲ್ಲಿ ಲಿಟರ್ ಬಾಕ್ಸ್ ಎಂದು ಮಾರುವ ಹೆಚ್ಚಿನವು ಇದರ ಹತ್ತಿರವೂ ಬರುವುದಿಲ್ಲ. ಆದ್ದರಿಂದ ಬಟ್ಟೆ ತುಂಬುವ ಪ್ಲಾಸ್ಟಿಕ್ ಸ್ಟೋರೇಜ್ ಡಬ್ಬಿಯೇ ಉತ್ತಮ. ಐಕಿಯಾದ ಸಾಮ್ಲಾ ಸಾಲಿನ 130 ಲೀಟರಿನದು, ಸುಮಾರು 78×56×43 ಸೆಂ.ಮೀ., ಬೆಕ್ಕು ಸಾಕುವವರಲ್ಲಿ ಹೆಸರಾದದ್ದು. ಆ ಅಳತೆಯ ಬೇರೆ ಯಾವ ಡಬ್ಬಿಯಾದರೂ ಆದೀತು. ಕಿರಿಯ ಬದಿಯಲ್ಲಿ ನೆಲದಿಂದ 12-15 ಸೆಂ.ಮೀ. ಬಿಟ್ಟು, 25 ಸೆಂ.ಮೀ. ಅಗಲದ ಬಾಗಿಲು ಕತ್ತರಿಸಿ. ಕತ್ತಿಯ ಅಲಗನ್ನು ಬಿಸಿ ಮಾಡಿಕೊಂಡರೆ ಪ್ಲಾಸ್ಟಿಕ್ ಸೀಳುವುದಿಲ್ಲ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ. ಉಳಿದ ಮೂರು ಬದಿಯ ಎತ್ತರದ ಗೋಡೆ, ನಿಂತೇ ಉಚ್ಚೆ ಹೊಯ್ಯುವ ಗಂಡು ಬೆಕ್ಕಿಗೂ ಸಾಕಾಗುತ್ತದೆ. ಒಂದು ಕೊರತೆ ಹೇಳಲೇಬೇಕು: ಇಷ್ಟು ದೊಡ್ಡ ಡಬ್ಬಿಗೆ ಬೇಕಾದ ಆರು ಸೆಂ.ಮೀ. ಆಳ ತುಂಬಲು ಮೊದಲ ಸಲ ಇಪ್ಪತ್ತು ಕೆ.ಜಿ.ಯ ಆಸುಪಾಸು ಮರಳು ಹಿಡಿಯುತ್ತದೆ. ಆಮೇಲೆ ತೆಗೆದಷ್ಟನ್ನು ಸೇರಿಸುತ್ತ ಹೋದರೆ ಸಾಕು.

ಮರಳಿನಲ್ಲಿ ಬೆಂಟೋನೈಟ್ ಬಿಟ್ಟು ಬೇರೆ ಯಾವುದನ್ನೂ ಮೊದಲಿಗೆ ಕೊಳ್ಳಬೇಡಿ. ಇದು ಜೇಡಿಮಣ್ಣೇ, ಗುಜರಾತಿನ ಕಚ್ಛ್ ಕಡೆ ಹೇರಳವಾಗಿ ಸಿಗುತ್ತದೆ. ಅಂಗಳದ ಬೆಕ್ಕಿನ ಪಾದಕ್ಕೆ ಪರಿಚಿತ ಸ್ಪರ್ಶ ಇದೊಂದೇ. ಸಣ್ಣ ಕಾಳಿನದು, ಪರಿಮಳ ಇಲ್ಲದ್ದು. ಗುಣಮಟ್ಟ ಮನೆಯಲ್ಲೇ ಅಳೆಯಬಹುದು. ಒಂದು ಬಟ್ಟಲು ಮರಳಿಗೆ ಎರಡು ದೊಡ್ಡ ಚಮಚ ನೀರು ಹಾಕಿ, ಕಾಲು ಗಂಟೆ ಬಿಟ್ಟು ಸೌಟಿನಲ್ಲಿ ಎತ್ತಿ. ಉಂಡೆ ಗಟ್ಟಿಯಾಗಿ ಬಂದರೆ ಒಳ್ಳೆಯದು, ಕೆಸರಾಗಿ ತಳಕ್ಕೆ ಅಂಟಿದರೆ ಆ ಚೀಲವನ್ನು ಮತ್ತೆ ತರಬೇಡಿ. ಬಿಸಿಲು ಬೀಳುವ ಕಿಟಕಿಯ ಬಳಿ ಒಂದು ಲೋಟದಿಂದ ಇನ್ನೊಂದಕ್ಕೆ ಸುರಿದರೆ ಧೂಳೆಷ್ಟು ಎಂಬುದು ಕಣ್ಣಿಗೇ ಕಾಣುತ್ತದೆ. ಉಬ್ಬಸ ಇರುವ ಮನೆಯಲ್ಲಿ ಇದನ್ನು ಮರೆಯಬಾರದು.

ಟೋಫು ಮರಳು ಹಗುರ, ಧೂಳು ಕಡಿಮೆ, ದುಬಾರಿ. ಸೋಯಾದಿಂದ ಮಾಡಿದ್ದಾದ್ದರಿಂದ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಪೈನ್ ಪೆಲೆಟ್ ಅಗ್ಗವಾಗಿದ್ದು ವಾಸನೆಯನ್ನು ಚೆನ್ನಾಗಿ ಹೀರುತ್ತದೆ, ಆದರೆ ದಪ್ಪ ಕಡ್ಡಿಗಳ ಮೇಲೆ ನಿಲ್ಲಲು ಇಂಥ ಬೆಕ್ಕು ಒಪ್ಪುವುದು ಅಪರೂಪ. ಎರಡು-ಮೂರು ತಿಂಗಳು ಕಳೆದ ಮೇಲೆ ಬೇಕಾದರೆ ಪ್ರಯತ್ನಿಸಬಹುದು. ಸಿಲಿಕಾ ಹರಳು ಕಾಲಡಿ ಚಟಪಟ ಎನ್ನುತ್ತದೆ, ಬೇಡ.

ಅಭ್ಯಾಸ ಮಾಡಿಸಲು ಹಳೇ ಮನೆಯ ಕಾಂಪೌಂಡಿನ ಮಣ್ಣನ್ನೇ ಒಂದು ಬಕೆಟ್ ತನ್ನಿ. ಇರುವೆ ಹೋಗಲಿ ಎಂದು ಎರಡು ದಿನ ಬಿಸಿಲಿಗೆ ಹರಡಿ, ಕಲ್ಲು ಆರಿಸಿ. ಮೊದಲಿಗೆ ಮೂರು ಪಾಲು ಮಣ್ಣು, ಒಂದು ಪಾಲು ಬೆಂಟೋನೈಟ್. ನಾಲ್ಕು ದಿನಕ್ಕೊಮ್ಮೆ ಒಂದು ಪಾಲು ಮಣ್ಣು ಇಳಿಸಿ, ಒಂದು ಪಾಲು ಬೆಂಟೋನೈಟ್ ಏರಿಸಿ. ಎರಡು ವಾರದೊಳಗೆ ಪೂರ್ತಿ ಬದಲಾವಣೆ ಆಗುತ್ತದೆ. ನಡುವೆ ಬೆಕ್ಕು ಕಾಲೊರಸಿನ ಮೇಲೆ ಮಾಡಿದರೆ ಅವಸರವಾಯಿತು ಎಂದು ತಿಳಿದು ಒಂದು ಹೆಜ್ಜೆ ಹಿಂದೆ ಹೋಗಿ.

ಡಬ್ಬಿಯನ್ನು ವಾಷಿಂಗ್ ಮೆಷಿನ್ ಪಕ್ಕ ಇಡುವುದು ಫ್ಲ್ಯಾಟುಗಳಲ್ಲಿ ಆಗುವ ದೊಡ್ಡ ತಪ್ಪು. ಬೆಕ್ಕು ಒಳಗಿರುವಾಗ ಮೆಷಿನ್ ಒಮ್ಮೆ ಗಿರಗಿರನೆ ತಿರುಗಿದರೆ ಆ ಮೂಲೆಗೆ ಅದು ಮತ್ತೆ ಕಾಲಿಡುವುದಿಲ್ಲ. ಒಂದು ಬೆಕ್ಕಿಗೂ ಎರಡು ಡಬ್ಬಿ ಬೇಕು, ಎರಡು ಬೇರೆ ಬೇರೆ ಜಾಗದಲ್ಲಿ, ಊಟದ ತಟ್ಟೆಯಿಂದ ದೂರ. ದಿನಕ್ಕೆ ಎರಡು ಸಲ ಉಂಡೆ ತೆಗೆಯಬೇಕು. ಬೇಟೆಯಾಡಿ ತಿಂದ ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು. ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು, ಹಾಗಾಗಿ ದಿನವೂ ತೆಗೆಯುವುದೇ ರಕ್ಷಣೆ. ಬಸುರಿಯರು ಈ ಕೆಲಸ ಬೇರೆಯವರಿಗೆ ಬಿಡಲಿ. ಬೆಂಟೋನೈಟನ್ನು ಕಮೋಡಿಗೆ ಸುರಿಯಬಾರದು, ಉಬ್ಬಿ ಕೆಳಗಿನ ಮನೆಯವರೆಗೂ ಪೈಪು ಕಟ್ಟುತ್ತದೆ. ಪೇಪರಿನಲ್ಲಿ ಸುತ್ತಿ ಸ್ಯಾನಿಟರಿ ಕಸದ ಜೊತೆ ಕೊಡಿ.

ನೆಲದ ಮೇಲೆ ಉಚ್ಚೆ ಬಿದ್ದರೆ ಎನ್‌ಜೈಮ್ ಕ್ಲೀನರ್‌ಗೆ ಖರ್ಚು ಮಾಡಿ, ಇದು ನಿಜಕ್ಕೂ ಕೆಲಸ ಮಾಡುವ ವಸ್ತು. ಫಿನಾಯಿಲ್ ಬೇಡವೇ ಬೇಡ. ಫಿನಾಲ್ ಬಗೆಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದು ನೇರ ಹೊಟ್ಟೆಗೆ ಹೋಗುತ್ತದೆ.

ಕಂಬ ಮತ್ತು ಎತ್ತರ

ಬೆಕ್ಕು ಪರಚುವುದು ಉಗುರಿನ ಹಳೇ ಪೊರೆ ಕಳಚಲು, ಮೈ ಪೂರ್ತಿ ಹಿಗ್ಗಿಸಲು, ಗುರುತು ಬಿಡಲು. ಮೈ ಹಿಗ್ಗಬೇಕಾದರೆ ಕಂಬ ಕನಿಷ್ಠ 90 ಸೆಂ.ಮೀ. ಇರಬೇಕು, ತೂಗಾಡಬಾರದು. ಅಂಗಡಿಯ 40-50 ಸೆಂ.ಮೀ. ಕಂಬ ಮರಿಗೆ ಮಾತ್ರ. ದೊಡ್ಡ ಬೆಕ್ಕು ಒಮ್ಮೆ ಎಳೆದಾಗ ಅದು ಮೈಮೇಲೆ ಬಿದ್ದರೆ ಮತ್ತೆ ಮುಟ್ಟುವುದಿಲ್ಲ, ಸೋಫಾದ ಕಡೆ ತಿರುಗುತ್ತದೆ. ಬಹು ಅಂತಸ್ತಿನ ಕ್ಯಾಟ್ ಟ್ರೀ ಕೊಳ್ಳುವಾಗಲೂ ಮೇಲ್ತುದಿಯನ್ನು ಒಂದು ಕೈಯಿಂದ ತಳ್ಳಿ ನೋಡಿ. ಎರಡು ಬೆರಳಿಗಿಂತ ಹೆಚ್ಚು ಅಲುಗಿದರೆ ಬಿಡಿ. ಗೋಡೆಗೆ ಬಿಗಿಯುವ ಪಟ್ಟಿ ಇರುವುದನ್ನೇ ತೆಗೆದುಕೊಳ್ಳಿ.

ಮನೆಯಲ್ಲಿ ಮಾಡಿದ ಕಂಬ ಅಂಗಡಿಯದಕ್ಕಿಂತ ಅಗ್ಗ, ಗಟ್ಟಿ. 4 ಅಂಗುಲದ ಪಿವಿಸಿ ಪೈಪು, ಅಂದರೆ ಹೊರವ್ಯಾಸ 110 ಎಂ.ಎಂ., ಒಂದು ಮೀಟರ್. 90 ಸೆಂ.ಮೀ. ಎತ್ತರಕ್ಕೆ ಒತ್ತೊತ್ತಾಗಿ ಸುತ್ತಲು 8 ಎಂ.ಎಂ. ದಪ್ಪದ ಹಗ್ಗ 42 ಮೀಟರ್ ಬೇಕು, 10 ಎಂ.ಎಂ. ಆದರೆ 34 ಮೀಟರ್. ಸೈಸಲ್ (ಕತ್ತಾಳೆ ಜಾತಿಯ ಗಿಡದ ನಾರಿನ) ಹಗ್ಗ ಉತ್ತಮ. ತೆಂಗಿನ ನಾರಿನ ಹಗ್ಗ ನಮ್ಮಲ್ಲಿ ಎಲ್ಲೆಡೆ ಸಿಗುತ್ತದೆ, ಬೆಕ್ಕಿಗೂ ಇಷ್ಟ. ನಾರು ಹೆಚ್ಚು ಉದುರುತ್ತದೆ ಎಂಬುದೊಂದೇ ತೊಂದರೆ. ಹತ್ತು ಸುತ್ತಿಗೊಮ್ಮೆ ಅಂಟು ಹಾಕಿ, ಎರಡೂ ತುದಿಯನ್ನು ಪೈಪಿಗೆ ತೂತು ಕೊರೆದು ಒಳಗೆ ಗಂಟು ಬಿಗಿಯಿರಿ. ಮೊಳೆ ಬೇಡ. ಬುಡಕ್ಕೆ 18 ಎಂ.ಎಂ. ಪ್ಲೈವುಡ್, ಅದರ ಮೇಲೆ ಪೈಪಿನೊಳಗೆ ಬಿಗಿಯಾಗಿ ಕೂರುವ ಮರದ ಬಿಲ್ಲೆಗಳನ್ನು ಒಂದರ ಮೇಲೊಂದು ಸ್ಕ್ರೂ ಮಾಡಿ ಪೈಪನ್ನು ಇಳಿಸಿ, ಬದಿಯಿಂದ ನಾಲ್ಕು ಸ್ಕ್ರೂ. ಪ್ಲೈವುಡ್ಡಿನ ಅಡಿಗೆ 45×45 ಸೆಂ.ಮೀ. ಅಳತೆಯ ಒಂದಂಗುಲ ದಪ್ಪದ ಕಡಪ ಕಲ್ಲನ್ನು ಅಂಟಿಸಿದರೆ ಹದಿಮೂರು ಕೆ.ಜಿ.ಗೂ ಮಿಕ್ಕ ಭಾರ ಸಿಗುತ್ತದೆ. ಐದು ಕೆ.ಜಿ.ಯ ಗಂಡು ಬೆಕ್ಕು ಓಡಿಬಂದು ಅಪ್ಪಿದರೂ ಅಲುಗುವುದಿಲ್ಲ. ಇಡಬೇಕಾದ ಜಾಗ ಮೂಲೆಯಲ್ಲ, ಬೆಕ್ಕು ಮಲಗಿ ಏಳುವ ಕಡೆ ಅಥವಾ ಅದು ಈಗಾಗಲೇ ಗುರಿಯಿಟ್ಟ ಸೋಫಾದ ಪಕ್ಕ.

ಮರ, ಸಜ್ಜಾ ಹತ್ತಿದ ಬೆಕ್ಕಿಗೆ ನೆಲ ಸುರಕ್ಷಿತ ಜಾಗವಲ್ಲ. ನಮ್ಮ ಫ್ಲ್ಯಾಟುಗಳಲ್ಲಿ ಅದಕ್ಕೆ ಬೇಕಾದ ಎತ್ತರ ಮೊದಲೇ ಕಟ್ಟಿಸಿದೆ, ಅದೇ ಅಟ್ಟ. ದಾರಿ ಮಾಡಿಕೊಟ್ಟರೆ ಸಾಕು. 25-30 ಸೆಂ.ಮೀ. ಅಗಲದ ಹಲಗೆಗಳನ್ನು 90, 140, 185 ಸೆಂ.ಮೀ. ಎತ್ತರದಲ್ಲಿ ಸ್ವಲ್ಪ ಅಡ್ಡಡ್ಡಕ್ಕೆ ಬಿಗಿದು, ಮೇಲೆ ಹಳೇ ಯೋಗ ಮ್ಯಾಟಿನ ತುಂಡು ಅಂಟಿಸಿ. ಹಲಗೆ ಜಾರಿದರೆ ಬೆಕ್ಕು ಎರಡನೇ ಸಲ ಹತ್ತುವುದಿಲ್ಲ. ಗಾಜಿಗೆ ಅಂಟಿಸುವ ಸಕ್ಷನ್ ಕಪ್ ಆಸನಗಳನ್ನು ಕೊಳ್ಳಬೇಡಿ. ಧೂಳು ಮತ್ತು ಬಿಸಿಲಿನ ಶಾಖಕ್ಕೆ ಹಿಡಿತ ಬಿಡುತ್ತದೆ. ಮೆತ್ತನೆ ಹಾಸಿಗೆಯ ಬದಲು ರಟ್ಟಿನ ಪೆಟ್ಟಿಗೆ, ಅದರೊಳಗೆ ಹಳೇ ಹತ್ತಿ ಸೀರೆ.

ಬೇಟೆಗೆ ಬದಲಿ

ಆಟಿಕೆಗಳಲ್ಲಿ ಕೊಳ್ಳಲೇಬೇಕಾದದ್ದು ಒಂದೇ, ಉದ್ದ ಕೋಲಿನ ತುದಿಗೆ ದಾರ, ದಾರದ ತುದಿಗೆ ಗರಿ. ಬೆಳಿಗ್ಗೆ ಹತ್ತು ನಿಮಿಷ, ರಾತ್ರಿ ಮಲಗುವ ಮುಂಚೆ ಹದಿನೈದು. ಗರಿಯನ್ನು ಬೆಕ್ಕಿನ ಮುಖಕ್ಕೆ ತರಬೇಡಿ. ಬೇಟೆ ಓಡಿಹೋಗುತ್ತದೆ, ಕುರ್ಚಿಯ ಹಿಂದೆ ಅವಿತುಕೊಳ್ಳುತ್ತದೆ, ಒಂದು ಕ್ಷಣ ನಿಲ್ಲುತ್ತದೆ. ಕೊನೆಗೆ ಹಿಡಿಯಲು ಬಿಟ್ಟು, ಕೂಡಲೇ ಊಟ ಕೊಡಿ. ಹಿಡಿದದ್ದನ್ನು ತಿಂದು, ಮೈ ನೆಕ್ಕಿಕೊಂಡು, ಮಲಗುವುದು ಬೆಕ್ಕಿನ ಕ್ರಮ. ಲೇಸರ್ ದೀಪದಲ್ಲಿ ಹಿಡಿಯಲು ಏನೂ ಇಲ್ಲ, ಬೆಕ್ಕು ಕೆರಳಿಯೇ ಉಳಿಯುತ್ತದೆ. ಆಟ ಮುಗಿದೊಡನೆ ಕೋಲನ್ನು ಬೀರುವಿನಲ್ಲಿಡಿ. ನುಂಗಿದ ದಾರ ಕರುಳನ್ನು ನೆರಿಗೆಯಾಗಿ ಎಳೆದು ಶಸ್ತ್ರಚಿಕಿತ್ಸೆಗೆ ತರುತ್ತದೆ.

ಊಟವೂ ಅಂಗಳದಲ್ಲಿ ದಿನಕ್ಕೆ ಹಲವು ಸಲ, ಚೂರು ಚೂರಾಗಿ ಸಿಗುತ್ತಿತ್ತು. ಸಂತಾನಹರಣ ಆಪರೇಷನ್ ಆದ ನಾಲ್ಕು ಕೆ.ಜಿ.ಯ ಬೆಕ್ಕಿಗೆ ಒಳಗಿನ ಬದುಕಿನಲ್ಲಿ ದಿನಕ್ಕೆ ಸುಮಾರು 200-250 ಕ್ಯಾಲರಿ ಸಾಕು, ಒಣ ಆಹಾರವಾದರೆ 55-65 ಗ್ರಾಂ. ಅಳೆಯದೆ ಬಟ್ಟಲು ತುಂಬಿಟ್ಟರೆ ಬೊಜ್ಜು ಖಂಡಿತ. ನಾಲ್ಕೈದು ಪಾಲು ಮಾಡಿ, ಒಂದು ಪಾಲನ್ನು ಮೊಟ್ಟೆಯ ರಟ್ಟಿನ ಟ್ರೇಯ ಕುಳಿಗಳಲ್ಲಿ ಹಾಕಿ ಹುಡುಕಿ ತಿನ್ನಲು ಬಿಡಿ. ಪಜಲ್ ಫೀಡರುಗಳು ಮಾಡುವುದೂ ಇದನ್ನೇ. ಹಾಲನ್ನ, ಮೊಸರನ್ನದಿಂದ ಬೆಕ್ಕು ಬದುಕಲಾರದು. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸ, ಮೀನಿನಲ್ಲಿ ಇದೆ. ತಟ್ಟೆಗೆ ಇರುವೆ ಮುತ್ತದಂತೆ ಅಗಲ ತಟ್ಟೆಯ ನೀರಿನಲ್ಲಿ ಬಟ್ಟಲು ಇಡಿ.

ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲ ಮುಂದೆ ಕೂಗುವುದು ಈ ಬೆಕ್ಕುಗಳ ಬಗ್ಗೆ ಬರುವ ಸಾಮಾನ್ಯ ದೂರು, ಅದು ಅವುಗಳ ಬೇಟೆಯ ಹೊತ್ತು. ಟೈಮರಿನ ಫೀಡರ್ ಇಲ್ಲಿ ತನ್ನ ಬೆಲೆಗೆ ನ್ಯಾಯ ಒದಗಿಸುತ್ತದೆ. ನಾಲ್ಕೂವರೆಗೆ ಒಂದು ಪಾಲು ಬೀಳುವಂತೆ ಇಟ್ಟರೆ ಬೆಕ್ಕು ನಿಮ್ಮನ್ನು ಬಿಟ್ಟು ಯಂತ್ರದ ಮುಂದೆ ಕಾಯುತ್ತದೆ. ಕರೆಂಟ್ ಹೋದಾಗಲೂ ನಡೆಯಲು ಬ್ಯಾಟರಿ ಇರುವುದನ್ನೇ ಕೊಳ್ಳಿ. ಕೂಗಿದಾಗ ಎದ್ದು ಊಟ ಹಾಕಿದರೆ ಕೂಗುವುದನ್ನು ನೀವೇ ಕಲಿಸಿದಂತೆ. ಸುಮ್ಮನಿದ್ದರೆ ಮೊದಲ ಕೆಲವು ರಾತ್ರಿ ಕೂಗು ಇನ್ನೂ ಜೋರಾಗಿ, ಆಮೇಲೆ ಇಳಿಯುತ್ತದೆ. ಜೋರಾದ ರಾತ್ರಿಯೇ ಸೋತು ಬಾಗಿಲು ತೆರೆಯುವವರು ಹೆಚ್ಚು.

ಬೆಕ್ಕನ್ನು ಶಾಂತಗೊಳಿಸಲೆಂದು ಮಾರುವ, ಗೋಡೆಯ ಸಾಕೆಟ್ಟಿಗೆ ಹಾಕುವ ಫೆಲಿವೇ ಡಿಫ್ಯೂಸರ್ 50-70 ಚದರ ಮೀಟರ್ ಜಾಗಕ್ಕೆ, ಒಂದು ಶೀಶೆ ಸುಮಾರು ಮೂವತ್ತು ದಿನ. ಪ್ರಯೋಜನದ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ, ಕಿಟಕಿ ಸದಾ ತೆರೆದಿರುವ ಮನೆಯಲ್ಲಿ ಇನ್ನೂ ಅನುಮಾನ. ಕೈಯಲ್ಲಿ ದುಡ್ಡಿದ್ದರೆ ಮೊದಲ ತಿಂಗಳು ಮಾತ್ರ ಹಾಕಿ. ಜಾಲರಿಗೆ ಹಾಕಬೇಕಾದ ದುಡ್ಡಿನಲ್ಲಿ ಇದನ್ನು ಕೊಳ್ಳಬೇಡಿ. ಬೆಕ್ಕುಗಳನ್ನು ಸೆಳೆಯುವ ಕ್ಯಾಟ್‌ನಿಪ್ ಗಿಡದ ಬದಲಿಗೆ ನಮ್ಮ ಖಾಲಿ ಸೈಟುಗಳಲ್ಲಿ ಬೆಳೆಯುವ ಕುಪ್ಪಿಗಿಡವಿದೆ. ಅದರ ಹಸಿ ಬೇರಿನ ವಾಸನೆಗೆ ಅನೇಕ ಬೆಕ್ಕುಗಳು ಹೊರಳಾಡುತ್ತವೆ. ಬೆರಳುದ್ದದ ಬೇರು ತೊಳೆದು ಪರಚುಕಂಬಕ್ಕೆ ತಿಕ್ಕಿ, ಆಮೇಲೆ ಎಸೆದುಬಿಡಿ. ಮೇಯಲು ಒಂದು ಕುಂಡದಲ್ಲಿ ಗೋಧಿ ಬಿತ್ತಿದರೆ ವಾರ-ಹತ್ತು ದಿನದಲ್ಲಿ ಹಸಿರು ಸಿಗುತ್ತದೆ. ಬಾಲ್ಕನಿಯಲ್ಲಿ ಲಿಲ್ಲಿ, ಸೈಕಸ್ ಇದ್ದರೆ ಬೆಕ್ಕು ಬರುವ ಮುಂಚೆ ಬೇರೆಯವರಿಗೆ ಕೊಟ್ಟುಬಿಡಿ, ಎರಡೂ ಪ್ರಾಣಕ್ಕೆ ಅಪಾಯ.

ವೈದ್ಯರು, ಸಾಗಣೆ, ಮೊದಲ ವಾರ

ಮನೆಗೇ ಬರುವ ಪಶುವೈದ್ಯರ ಸೇವೆ ಇಂಥ ಬೆಕ್ಕಿಗೆ ಆಸ್ಪತ್ರೆಗಿಂತ ಒಳ್ಳೆಯದು. ನಾಯಿಗಳ ನಡುವೆ ಕಾಯುವುದೇ ಅದಕ್ಕೆ ಅರ್ಧ ಕಾಯಿಲೆ. ರೇಬೀಸ್ ಮತ್ತು ಮೂರು ರೋಗಗಳ ಸಂಯುಕ್ತ ಲಸಿಕೆ, ಜಂತುಹುಳದ ಔಷಧ, ಚಿಗಟದ ಔಷಧ, ಹದಿನೈದು ಅಂಕಿಯ ಮೈಕ್ರೋಚಿಪ್ ಒಂದೇ ಭೇಟಿಯಲ್ಲಿ ಆಗುತ್ತವೆ. ನಾಯಿಗೆಂದು ತಂದ, ಚಿಗಟ ಕೊಲ್ಲುವ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಹಾಕಿದರೆ ನಡುಕ, ಸೆಳವು ಬಂದು ಸಾಯಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮಾತ್ರ ಆಸ್ಪತ್ರೆಗೇ ಹೋಗಬೇಕು. ಅದನ್ನು ಮನೆ ಬದಲಿಸುವ ಒಂದು ತಿಂಗಳ ಮುಂಚೆ ಮುಗಿಸಿ. ಗಂಡಿನ ಹಾರ್ಮೋನು ಇಳಿಯಲು ಕೆಲವು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಗೋಡೆಗೆ ಉಚ್ಚೆ ಚಿಮ್ಮಿಸುವುದು, ಹೊರಗೆ ಓಡಲು ನೋಡುವುದು ನಿಲ್ಲುವುದಿಲ್ಲ.

ಸಾಗಿಸಲು ಗಟ್ಟಿ ಪ್ಲಾಸ್ಟಿಕ್ಕಿನ, ಮೇಲಿನಿಂದಲೂ ತೆರೆಯುವ ಕ್ಯಾರಿಯರ್ ಕೊಳ್ಳಿ. ಚೀಲ, ಬುಟ್ಟಿ ಬೇಡ. ಎರಡು ವಾರ ಮೊದಲೇ ಅದನ್ನು ಹಳೇ ಮನೆಯಲ್ಲಿ ತೆರೆದಿಟ್ಟು ಒಳಗೇ ಊಟ ಹಾಕುತ್ತ ಬನ್ನಿ. ಹೊಸ ಮನೆಯಲ್ಲಿ ಮೊದಲ ಐದಾರು ದಿನ ಒಂದೇ ಕೋಣೆ, ಅಲ್ಲಿ ಕ್ಯಾರಿಯರ್, ಡಬ್ಬಿ, ನೀರು, ಕಂಬ. ಮಂಚದಡಿ ಕೂತಿದ್ದರೆ ಎಳೆಯಬೇಡಿ. ರಾತ್ರಿ ಊಟ ಖಾಲಿಯಾಗಿ, ಡಬ್ಬಿ ಬಳಕೆಯಾಗುತ್ತಿದ್ದರೆ ಎಲ್ಲ ಸರಿಯಿದೆ. ಪೂರ್ತಿ ಒಂದು ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಗಂಡು ಬೆಕ್ಕು ಡಬ್ಬಿಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿದರೂ ಉಚ್ಚೆ ಬಾರದಿದ್ದರೆ ಬೆಳಗಾಗುವವರೆಗೂ ಕಾಯಬೇಡಿ. ಸ್ಥಳ ಬದಲಾದ ಒತ್ತಡದಲ್ಲಿ ಮೂತ್ರನಾಳ ಕಟ್ಟುವುದುಂಟು, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ.

ಗೆಜ್ಜೆ ಪಟ್ಟಿಯ ಬದಲು, ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಯ ಮೇಲೆ ಫೋನ್ ನಂಬರ್ ಬರೆಸಿ. ಮುಂಬಾಗಿಲಿಗೆ ನುಗ್ಗುವ ಚಾಳಿಗೆ, ಬಾಗಿಲಿನಿಂದ ಎರಡು ಮೀಟರ್ ದೂರದಲ್ಲಿ ಒಂದು ಚಾಪೆ ಹಾಸಿ, ನೀವು ಒಳಬರುವಾಗಲೆಲ್ಲ ತಿಂಡಿ ಅಲ್ಲೇ ಕೊಡಿ. ಬಾಗಿಲ ಹತ್ತಿರ ಮುದ್ದು ಮಾಡಬೇಡಿ.

ಇಷ್ಟಾದರೂ ತಪ್ಪಿಸಿಕೊಂಡರೆ ಬಡಾವಣೆಯೆಲ್ಲ ಅಲೆಯುವ ಮುಂಚೆ ಕಟ್ಟಡದೊಳಗೇ ಹುಡುಕಿ. ಹೊಸ ಜಾಗದಲ್ಲಿ ಹೆದರಿದ ಬೆಕ್ಕು ದೂರ ಓಡುವುದಕ್ಕಿಂತ ಹತ್ತಿರದ ಕತ್ತಲಲ್ಲಿ ಅಡಗುವುದೇ ಹೆಚ್ಚು: ಮೆಟ್ಟಿಲ ಕೆಳಗೆ, ಶೂ ಸ್ಟ್ಯಾಂಡಿನ ಹಿಂದೆ, ಬೇಸ್‌ಮೆಂಟಿನ ಕಾರುಗಳಡಿ, ಜನರೇಟರ್ ಕೋಣೆ, ಮಹಡಿಯ ನೀರಿನ ಟ್ಯಾಂಕಿನ ಪಕ್ಕ. ಮೈಕ್ರೋಚಿಪ್ ಅದು ಎಲ್ಲಿದೆ ಎಂದು ಹೇಳುವುದಿಲ್ಲ, ಸಿಕ್ಕ ಮೇಲೆ ಯಾರದ್ದು ಎಂದಷ್ಟೇ ಹೇಳುತ್ತದೆ. ರಾತ್ರಿ ಹನ್ನೊಂದರ ಮೇಲೆ, ಓಡಾಟ ನಿಂತಾಗ, ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ನೆಲದುದ್ದಕ್ಕೂ ಹಾಯಿಸಿ, ಹೊಳೆಯುವ ಎರಡು ಚುಕ್ಕಿ ಹುಡುಕಿ. ಕಂಡರೆ ಬೆನ್ನಟ್ಟಬೇಡಿ. ಕ್ಯಾರಿಯರಿನೊಳಗೆ ಹುರಿದ ಮೀನಿನ ತುಂಡಿಟ್ಟು, ಬಾಗಿಲು ತೆರೆದು, ಹತ್ತು ಹೆಜ್ಜೆ ಹಿಂದೆ ನೆಲದ ಮೇಲೆ ಕೂತುಕೊಳ್ಳಿ. ಕಾವಲುಗಾರರಿಗೆ ಮೊದಲೇ ಹೇಳಿಡಿ, ಆ ಹೊತ್ತಿಗೆ ಗೇಟು ತೆರೆಯದಿರಲಿ.